ಪಾಸ್ ಕೊಟ್ಟವರ ಮೇಲೆ ಪಣ ಕಟ್ಟಿಸುವ ಅಧ್ಯಕ್ಷರಿಗೆ

ಮಾನ್ಯ ಅಧ್ಯಕ್ಷರೇ,

ನಾನು ಸತ್ತುಹೋಗಿದ್ದೇನೆಂದು ನನ್ನ ಹೆಂಡತಿ ನಂಬಿದ್ದಾಳೆ. ಫೋನ್ ಮಾಡಿ ಅವಳಿಗೆ ಹಾಗೆಂದು ತಿಳಿಸಿದವನು ತಮ್ಮ ಆಯೋಗದ ಕೃಪಾಕಟಾಕ್ಷದಲ್ಲಿ ನಡೆಯುವ, ಮುಂದೆ ಏನಾಗುತ್ತದೆಂಬುದರ ಮೇಲೆ ಹಣ ಕಟ್ಟಿಸುವ ‘ಭವಿಷ್ಯ ಮಾರುಕಟ್ಟೆ’ಯ ಒಬ್ಬ ಗಿರಾಕಿ. ಮುಚ್ಚಿದ ಲಕೋಟೆಯಲ್ಲಿ ಬರೆದು ನೋಡಿದೆ, ಫಲವಾಗಲಿಲ್ಲ. ಆದ್ದರಿಂದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಡುಲೂತ್ ಊರಿನ ಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳ ಪಾಠ ಹೇಳಿದವನು ನಾನು. ಇಪ್ಪತ್ತಾರು ವರ್ಷಗಳಿಂದ ನಮ್ಮೂರಿನ ವೃತ್ತಿಪರ ಐಸ್ ಹಾಕಿ ತಂಡದ ಪಂದ್ಯಗಳಿಗೆ ಅಧಿಕೃತವಾಗಿ ಅಂಕ ಬರೆಯುತ್ತೇನೆ. ಗೋಲು ಹೊಡೆದವನು ಯಾರೆಂದು ಹೇಳಲು ನನ್ನಂಥವನು ಬೇಕಾಗಿಲ್ಲ. ಅದಕ್ಕೆ ಮುಂಚೆ ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ದಾಟಿಸಿಕೊಟ್ಟವರು ಯಾರು, ಒಬ್ಬನೋ ಇಬ್ಬರೋ, ಆ ಪಾಸಿನ ಶ್ರೇಯ, ಅಂದರೆ ಅಸಿಸ್ಟ್, ಯಾರ ಹೆಸರಿಗೆ ಹೋಗಬೇಕು ಎಂದು ತೀರ್ಮಾನಿಸುವುದು ನನ್ನ ಕೆಲಸ. ಆರು ಜನ ಒಬ್ಬರ ಮೇಲೊಬ್ಬರು ಬಿದ್ದು ಹೊರಳುವಾಗ ಯಾರ ಸ್ಟಿಕ್‌ಗೆ ತಾಗಿತೆಂದು ಮೇಲಿನಿಂದ ನೋಡಿ ಹೇಳಬೇಕು. ತಪ್ಪಾಗುತ್ತದೆ. ಆದಾಗ ಆಟಗಾರರೇ ಬಂದು ಹೇಳುತ್ತಾರೆ, ನಾನು ತಿದ್ದುತ್ತೇನೆ. ತನ್ನದಲ್ಲದ ಅಸಿಸ್ಟನ್ನು ಇಟ್ಟುಕೊಳ್ಳುವುದು ಹಾಕಿಯವರಲ್ಲಿ ಹೇಸಿಗೆಯ ಕೆಲಸ. ಹೇಸಿಗೆ ಎಂಬ ಪದ ತಮ್ಮ ನಿಯಮಾವಳಿಯಲ್ಲಿ ಇಲ್ಲದಿರಬಹುದು.

ಜನವರಿಯ ಒಂದು ಭಾನುವಾರ ಮಧ್ಯಾಹ್ನ ಕೊನೆಯ ಗೋಲಿಗೆ ಡ್ವೊರಾಕ್ ಹೆಸರಿನಲ್ಲಿ ಅಸಿಸ್ಟ್ ಬರೆದೆ. ಮೂವತ್ನಾಲ್ಕರ ಆಸಾಮಿ, ಮುಂದಿನ ಹಲ್ಲು ನಾಲ್ಕಿಲ್ಲ, ಇಡೀ ವರ್ಷಕ್ಕೆ ಐದು ಅಸಿಸ್ಟ್ ಕಂಡರೆ ಅದೇ ಹಬ್ಬ. ಆಟ ಮುಗಿದ ಮೇಲೆ ಚಪ್ಪಲಿಯಲ್ಲೇ ಮೆಟ್ಟಿಲು ಹತ್ತಿ ಬಂದ.

“ಮೇಷ್ಟ್ರೇ, ಅದು ನನಗೆ ತಾಗ್ಲೇ ಇಲ್ಲ. ಲಿಂಡ್‌ಗ್ರೆನ್‌ದು ಅದು, ಅವ್ನಿಗೆ ಬರೀರಿ.”

ವಿಡಿಯೋ ನೋಡಿದೆ. ಅವನು ಹೇಳಿದ್ದೇ ನಿಜ. ತಿದ್ದಿದೆ. ಹಿಂದೆಲ್ಲ ಇಂಥ ತಿದ್ದುಪಡಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಈಗ ‘ಡ್ವೊರಾಕ್‌ಗೆ ಇಂದು ಅಸಿಸ್ಟ್ ಸಿಗುವುದೇ?’ ಎಂಬ ಪ್ರಶ್ನೆಗೆ ‘ಹೌದು’ ಎಂದು ಹಣ ಕಟ್ಟಿದವರು ಊರೂರಲ್ಲಿ ಇದ್ದಾರೆ. ಗೆದ್ದೆವೆಂದು ಕುಣಿದವರು ಸೋತೆವೆಂದು ತಿಳಿದ ಅರ್ಧ ಗಂಟೆಯಲ್ಲಿ ನನ್ನ ಹೆಸರು ಹುಡುಕಿದರು. ಮರುದಿನ ನನ್ನ ಮನೆಯ ಫೋಟೋ ಅಂತರ್ಜಾಲದಲ್ಲಿ ಬಂತು. ಅದರ ಮರುದಿನ, ಆರೈಕೆ ಕೇಂದ್ರದಲ್ಲಿರುವ ನನ್ನ ಹೆಂಡತಿ ಐಲೀನ್‌ಳ ಕೋಣೆಗೆ ಫೋನ್ ಹೋಯಿತು.

ಅವಳಿಗೆ ಮರೆವಿನ ಕಾಯಿಲೆ. ಬೆಳಗ್ಗೆ ತಿಂದದ್ದು ನೆನಪಿಲ್ಲ, ಹೆತ್ತ ಮಗಳ ಹೆಸರು ನೆನಪಿಲ್ಲ. ಆ ಒಂದು ಫೋನ್ ಮಾತ್ರ ಮರೆಯಲಿಲ್ಲ. ಎಂದಿನಂತೆ ಏಲಕ್ಕಿಯ ಪುಲ್ಲಾ ಬ್ರೆಡ್ ಹಿಡಿದು ಹೋದೆ. ಕಪ್ಪು ಸ್ವೆಟರ್ ಹಾಕಿಕೊಂಡು ಕೂತಿದ್ದಳು.

“ನಮ್ಮೆಜಮಾನ್ರು ಹೋಗ್ಬಿಟ್ರು ಕಣ್ರೀ. ನೀವು ಥೇಟ್ ಅವ್ರ ಥರಾನೇ ಇದೀರಿ. ಅವ್ರು ನಿಮ್ಗೇನಾಗ್ಬೇಕು?”

ನಾನೇ ಕಣೇ ಎಂದು ಕೈ ಹಿಡಿದೆ. ಕಿತ್ತುಕೊಂಡಳು. “ಮುದುಕಿ ಒಬ್ಳೇ ಇದಾಳೆ ಅಂತ ಆಟ ಆಡ್ಬೇಡಿ,” ಎಂದಳು. ಅಂದಿನಿಂದ ದಿನಾ ಹನ್ನೊಂದು ಗಂಟೆಗೆ ನನ್ನದೇ ಗೆಳೆಯನಾಗಿ ಹೋಗಿ, ನನ್ನ ಸಾವಿಗೆ ಸಂತಾಪ ಹೇಳಿ ಬರುತ್ತೇನೆ.

ಇದನ್ನೆಲ್ಲ ತಮ್ಮ ಕಚೇರಿಗೆ ಬರೆದಾಗ ನಾಲ್ಕು ಸಾಲಿನ ಉತ್ತರ ಬಂತು. ಇದು ಜೂಜಲ್ಲವಂತೆ, ಜನಸಮೂಹದ ಜ್ಞಾನದಿಂದ ಸತ್ಯವನ್ನು ಕಂಡುಕೊಳ್ಳುವ ಸಾಧನವಂತೆ. ನನ್ನ ‘ಅನುಭವ’ಕ್ಕೆ ವಿಷಾದವಂತೆ. ದೂರಿನ ವಿಲೇವಾರಿ ಎಷ್ಟು ಸಮಾಧಾನ ತಂದಿತೆಂದು ಒಂದರಿಂದ ಐದರೊಳಗೆ ಅಂಕ ಕೊಡಬೇಕಂತೆ. ಸ್ವಾಮೀ, ಪಕ್ ಯಾರಿಗೆ ತಾಗಿತು ಎಂಬ ಸತ್ಯ ತಾಗಿಸಿಕೊಳ್ಳದವನ ಬಾಯಿಂದಲೇ ಬಿಟ್ಟಿಯಾಗಿ ಬಂದಿತ್ತಲ್ಲ? ಅದನ್ನು ಕಂಡುಕೊಳ್ಳಲು ಯಾವ ಸಮೂಹ ಬೇಕಿತ್ತು? ಒಬ್ಬ ಮುದುಕಿಯನ್ನು ವಿಧವೆ ಮಾಡಿದ್ದು ಜ್ಞಾನದ ಯಾವ ಶಾಖೆ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ತಾವು ಬೆಕ್ಕೂ ಅಲ್ಲ, ಬೆಕ್ಕಿಗೆ ಪರವಾನಗಿ ಬರೆದುಕೊಟ್ಟು ಊಟಕ್ಕೆ ಎದ್ದು ಹೋದವರು.

ಈಗ ಕಳೆದ ಶನಿವಾರದ ಸಂಗತಿ. ಮತ್ತೆ ಅವಸರದಲ್ಲಿ ಡ್ವೊರಾಕ್ ಹೆಸರು ಬರೆದಿದ್ದೆ, ಮತ್ತೆ ಅವನು ಮೇಲೆ ಬಂದ. ತನ್ನದಲ್ಲ, ತೆಗೆದುಬಿಡಿ ಎಂದ. ಅಷ್ಟರಲ್ಲಿ ನಾನು ವಿಡಿಯೋ ನೋಡಿಯಾಗಿತ್ತು. ಪಕ್ ಅವನ ಸ್ಟಿಕ್‌ನಿಂದ ಒಂದು ಗೇಣು ದೂರವಿತ್ತು.

“ತಾಗಿದೆ, ಹೋಗಪ್ಪ,” ಎಂದೆ.

“ತಾಗಿಲ್ಲ ಮೇಷ್ಟ್ರೇ.”

“ನಾನು ನೋಡಿದೀನಿ. ತಾಗಿದೆ.”

ಅವನು ನನ್ನ ಮುಖ ನೋಡಿದ. ಆರೈಕೆ ಕೇಂದ್ರದ ವಿಷಯ ಅವನಿಗೂ ಗೊತ್ತು. ಮೆಟ್ಟಿಲಿಳಿದು ಹೋದ. ‘ಹೌದು’ ಎಂದವರ ಹಣ ಉಳಿಯಿತು; ಅಂದು ಯಾರೂ ಬೆದರಿಸಲಿಲ್ಲ, ಯಾರೂ ಫೋನ್ ಮಾಡಲಿಲ್ಲ. ತಮ್ಮ ದಾಖಲೆಯಲ್ಲಿ ಅದು ಸುಸೂತ್ರವಾಗಿ ಮುಗಿದ ವ್ಯವಹಾರ.

ನನ್ನ ಬೇಡಿಕೆ ಇಷ್ಟೇ. ಅಸಿಸ್ಟ್‌ಗಳ ಮೇಲಿನ ಈ ವ್ಯಾಪಾರವನ್ನು ಈ ತಿಂಗಳೊಳಗೆ ನಿಷೇಧಿಸಿ. ಆಗದಿದ್ದರೆ ಮುಂದಿನ ಪಂದ್ಯಕ್ಕೆ ತಾವೇ ಬಂದು ನನ್ನ ಕುರ್ಚಿಯಲ್ಲಿ ಕೂತು ಬರೆಯಿರಿ. ತಮ್ಮ ಮಡದಿಯ ಫೋನ್ ನಂಬರನ್ನು ಅಂಕಫಲಕದ ಮೇಲೆ ದೊಡ್ಡದಾಗಿ ಹಾಕಿಸುತ್ತೇನೆ. ಡ್ವೊರಾಕ್ ಮೆಟ್ಟಿಲು ಹತ್ತಿ ಬಂದು ನಿಜ ಹೇಳಿದಾಗ ತಾವು ಏನು ಬರೆಯುತ್ತೀರೆಂದು ಪಕ್ಕದಲ್ಲೇ ನಿಂತು ನೋಡುತ್ತೇನೆ.

ಇಂತಿ,
ಶನಿವಾರದವರೆಗೂ ಸುಳ್ಳು ಬರೆಯದಿದ್ದ,
ಆರ್ವಿಡ್ ಮಾಕಿ