ಗಿಡ್ಡ ಗುಂಡು

ಮಾರ್ಚ್ 3, ಭಾನುವಾರ, ಮಧ್ಯಾಹ್ನ

ಬಿ.ಪಿ. ಮತ್ತೆ ಜಾಸ್ತಿ. ನರ್ಸ್ ಕೊಟ್ಟ ಈ ಪುಸ್ತಕದಲ್ಲಿ ಅಂಕಿ ಮಾತ್ರ ಬರೆಯಬೇಕಂತೆ. ಇಷ್ಟು ಜಾಗ ಖಾಲಿ ಬಿಟ್ಟರೆ ಬಾಯಿ ಮುಚ್ಚಿಕೊಂಡು ಕೂತ ಹಾಗಾಗುತ್ತದೆ. ಅದು ನನ್ನಿಂದ ಆಗದ ಕೆಲಸ.

ಚರ್ಚಿನ ಪಾರ್ಕಿಂಗಿನಲ್ಲಿ ಇವತ್ತು ಮಾನ ಹೋಯಿತು. ಪ್ರಾರ್ಥನೆ ಮುಗಿಸಿ ಟ್ರಕ್ಕಿಗೆ ಬಂದೆ. ಪೆಟ್ಟಿಗೆಯಿಂದ ಪುಟ್ಟ ಪಿಸ್ತೂಲು ತೆಗೆದೆ. ಒಳಗೆ ಹೋಗುವ ಮುಂಚೆ ನಳಿಗೆಯಿಂದ ತೆಗೆದಿಟ್ಟ ಗುಂಡನ್ನು ಗುಂಡು ತುಂಬುವ ಮ್ಯಾಗಜೀನಿನ ನೆತ್ತಿಗೆ ಒತ್ತಿ, ಅದು ನಳಿಗೆಗೆ ಏರಲಿ ಅಂತ ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಎಳೆದು ಬಿಟ್ಟೆ. ಅರ್ಧಕ್ಕೇ ನಿಂತಿತು. ಗುಂಡು ಮೂತಿ ತಗ್ಗಿಸಿಕೊಂಡು ಸಿಕ್ಕಿಹಾಕಿಕೊಂಡಿದೆ. ನಾಲ್ಕು ವರ್ಷದಿಂದ ಸೊಂಟದಲ್ಲಿದೆ, ಒಂದು ದಿನ ಹೀಗೆ ಮಾಡಿರಲಿಲ್ಲ.

ಪಾದ್ರಿ ಕಿಟಕಿ ಹತ್ತಿರ ಬಂದ. “ಏನಾಯ್ತು ಡೆಲ್ಬರ್ಟ್?”

“ಪಿಸ್ತೂಲು ಇನ್ನೂ ತಲೆ ಬಗ್ಗಿಸಿ ಪ್ರಾರ್ಥನೆ ಮಾಡ್ತಿದೆ ಪಾದ್ರಿಗಳೇ. ನಿಮ್ಮ ಉಪದೇಶ ಉದ್ದ ಆಯ್ತು.”

ಅವನು ನಕ್ಕ. ನಾನೂ ನಕ್ಕೆ. ಪಕ್ಕದ ಸೀಟಿನಲ್ಲಿದ್ದ ತಂಗಿ ಲವೋನ್ ನಗಲಿಲ್ಲ. ಇದೇ ಪಿಸ್ತೂಲನ್ನು ಹದಿನೈದನೇ ತಾರೀಖಿನೊಳಗೆ ಅವಳಿಗೆ ಕೊಡುತ್ತೇನೆ ಅಂದಿದ್ದೆ. ಆವತ್ತು ಅವಳ ಮಾಜಿ ಗಂಡ ರಾಯ್ಸ್ ಜೈಲಿನಿಂದ ಬಿಡುಗಡೆ.

ಮಾರ್ಚ್ 4, ಸೋಮವಾರ

ಎರಡು ಮನೆಯ ಮಲದ ಗುಂಡಿ ಖಾಲಿ ಮಾಡಿದೆ. ಎರಡನೇ ಮನೆಯವಳು ಮೂಗು ಹಿಡಿದುಕೊಂಡೇ ಐಸ್ ಟೀ ಕೊಟ್ಟಳು. ನಿಮ್ಮದೇ ಸರಕು, ನನ್ನ ಮೇಲೆ ಯಾಕೆ ಮುನಿಸು ಅಂದೆ.

ನಗಿಸಿದ್ದು ಅಷ್ಟೇ. ತಲೆಯಲ್ಲಿ ಸ್ಲೈಡು ಅರ್ಧಕ್ಕೆ ನಿಂತೇ ಇದೆ. ಸಂಜೆ ಪಿಸ್ತೂಲು ಬಿಚ್ಚಿ ಹರಡಿದೆ. ಜೇಬಿನ ದಾರದ ಚೂರು, ಬಿಸ್ಕತ್ತಿನ ಪುಡಿ... ಎಲ್ಲ ಉಜ್ಜಿ ಎಣ್ಣೆ ಹಾಕಿದೆ. ಗುಂಡು ಹಾಕಿ ಎಳೆದೆ — ಸಿಕ್ಕಿಕೊಂಡಿತು. ತೆಗೆದು ಮತ್ತೆ ಎಳೆದೆ — ಹೋಯಿತು. ಪೂರ್ತಿ ಕೆಟ್ಟಿದ್ದರೆ ಬಿಸಾಕಬಹುದಿತ್ತು. ಇದು ಒಮ್ಮೊಮ್ಮೆ ಕೆಡುತ್ತದೆ. ಇಂಥದ್ದನ್ನು ಏನು ಮಾಡುವುದು?

ಮಾರ್ಚ್ 6, ಬುಧವಾರ

ವೆಂಡೆಲ್‌ನ ಬಂದೂಕಿನ ಅಂಗಡಿ. ಲವೋನ್ ಕೂಡ ಬಂದಿದ್ದಳು. ಕಟಿಂಗ್ ಶಾಪಿನ ಏಪ್ರನ್ನಿನಲ್ಲೇ ಬಂದಿದ್ದಳು, ಪಿಸ್ತೂಲು ಅದರ ಜೇಬಿನಲ್ಲಿ ಹಿಡಿಸಬೇಕು ಅನ್ನುವುದು ಅವಳ ಹಟ. ವೆಂಡೆಲ್ ದೊಡ್ಡದೊಂದು ಕೊಟ್ಟ. ಅದರ ಸ್ಲೈಡು ಬೆಣ್ಣೆ ಹಾಗೆ ಜಾರುತ್ತದೆ, ಅವಳ ಕೈಗೂ ಬಂತು. ಜೇಬಿಗೆ ಹಾಕಿದರೆ ಏಪ್ರನ್ ಮೊಣಕಾಲಿಗೆ ಇಳಿಯಿತು.

“ಇದನ್ನ ಹಾಕ್ಕೊಂಡು ನಾನು ಕೂದಲಿಗೆ ಪರ್ಮ್ ಮಾಡ್ಲಾ? ಗಿರಾಕಿ ಓಡಿ ಹೋಗ್ತಾರೆ,” ಅಂದಳು.

ನನ್ನ ಪುಟ್ಟದು ಜೇಬಿನಲ್ಲಿ ಗೊತ್ತೇ ಆಗುವುದಿಲ್ಲ. ಆದರೆ ಪಿಸ್ತೂಲು ಸಣ್ಣದಾದಷ್ಟೂ ಒಳಗಿನ ಸ್ಪ್ರಿಂಗು ಬಿಗಿ. ಕತ್ತರಿ ಹಿಡಿದು ಹಿಡಿದು ಅವಳ ಮಣಿಕಟ್ಟು ಸೋತಿದೆ, ಪಟ್ಟಿ ಕಟ್ಟಿಕೊಂಡಿರುತ್ತಾಳೆ. ಎರಡೂ ಕೈಯಲ್ಲಿ ಎಳೆದರೂ ಸ್ಲೈಡು ಕದಲಲಿಲ್ಲ.

“ನಾನು ಲೋಡ್ ಮಾಡಿ ಕೊಡ್ತೀನಿ ಸಿಸ್. ನೀನು ಟ್ರಿಗರ್ ಒತ್ತಿದ್ರೆ ಸಾಕು.”

“ಅವಳ ಕೈಲಿ ಎಳೆಯೋಕಾಗ್ದೇ ಇರೋದು ಅವಳ ಪಿಸ್ತೂಲಲ್ಲ ಡೆಲ್ಬರ್ಟ್,” ಅಂದ ವೆಂಡೆಲ್.

ಮಾರಾಟದ ಮಾತು ಅಂದುಕೊಂಡೆ. ಹೊಸ ಸ್ಪ್ರಿಂಗ್ ಹಾಕಿಸಿ ಬಂದೆ. ಅದು ಇನ್ನೂ ಬಿಗಿ.

ಮಾರ್ಚ್ 9, ಶನಿವಾರ

ಜಲ್ಲಿ ಕ್ವಾರಿಗೆ ಹೋದೆವು. ಅಗ್ಗದ ಅಭ್ಯಾಸದ ಗುಂಡು ಒಂದು ಡಬ್ಬಿ ಪೂರ್ತಿ ಹೊಡೆದಳು. ಒಂದೂ ಸಿಕ್ಕಿಕೊಳ್ಳಲಿಲ್ಲ. ತಗಡಿನ ಡಬ್ಬಿಗಳೆಲ್ಲ ಜರಡಿ. ತಂಗಿ ಗುರಿಗಾರ್ತಿ ಅಂತ ಇಷ್ಟು ವರ್ಷ ಗೊತ್ತಿರಲಿಲ್ಲ. ಗೊತ್ತಿದ್ದರೆ ಚಿಕ್ಕವಳಿದ್ದಾಗ ಅಷ್ಟು ಕೀಟಲೆ ಮಾಡುತ್ತಿರಲಿಲ್ಲ.

ಕೊನೆಗೆ, ನಾನು ದಿನಾ ಸೊಂಟದಲ್ಲಿಟ್ಟುಕೊಳ್ಳುವ ಒಳ್ಳೆಯ ಗುಂಡುಗಳನ್ನು ತುಂಬಿ ಎಳೆದೆ. ಸಿಕ್ಕಿತು.

“ಹೊಸ ಹೆಂಡತಿ ಹಾಗೆ, ನಾಚ್ಕೋತಿದೆ,” ಅಂದೆ.

“ಬಬ್ಬಾ.” ಅವಳು ಮೆಲ್ಲಗೆ ಹೇಳಿದಳು, ಚಿಕ್ಕಂದಿನಿಂದ ಅಣ್ಣನಿಗೆ ಅವಳದು ಅದೇ ಹೆಸರು. “ರಾಯ್ಸ್ ಬಾಗಿಲಲ್ಲಿ ನಿಂತಾಗ ಇದು ನಾಚ್ಕೊಂಡ್ರೆ?”

ಸಿಕ್ಕಿಕೊಂಡ ಗುಂಡು ಬಿಡಿಸಿ, ಮ್ಯಾಗಜೀನು ಕಳಚಿ ಅವಳ ಕೈಗಿಟ್ಟೆ. 

ಅವಳು ಗುಂಡುಗಳನ್ನೆಲ್ಲ ಹೊರಗೆ ತೆಗೆದು ಟ್ರಕ್ಕಿನ ಬಾನೆಟ್ ಮೇಲೆ ಸಾಲಾಗಿ ನಿಲ್ಲಿಸಿದಳು, ಅಂಗಡಿಯಲ್ಲಿ ಲಿಪ್‌ಸ್ಟಿಕ್ ಜೋಡಿಸುವ ಹಾಗೆ. ಬಗ್ಗಿ ಕಣ್ಣು ಸಮಕ್ಕೆ ತಂದಳು.

“ಇದೊಂದು ಗಿಡ್ಡ.”

ನಿಜ. ಒಂದರ ಮೂತಿ ಅದರ ಹಿತ್ತಾಳೆ ಕೊಳವೆಯೊಳಗೆ ಹೂತುಹೋಗಿತ್ತು. ಮುಚ್ಚಳ ಒತ್ತಿ ಹಾಕಿದ ಲಿಪ್‌ಸ್ಟಿಕ್‌ನ ಹಾಗೆ.

ಆಮೇಲೆ ಹೊಳೆಯಿತು. ಚರ್ಚಿಗೆ ಹೋಗುವಾಗ ತೆಗೆಯುವುದು, ಬಂದ ಮೇಲೆ ಹಾಕುವುದು. ಅಂಚೆ ಕಚೇರಿ, ಕೋರ್ಟು, ಅಮ್ಮನ ಮನೆ... ಎಲ್ಲ ಕಡೆ ಇದೇ. ಟ್ರಕ್ಕಿನಲ್ಲಿ ಪಿಸ್ತೂಲು ಬಿಟ್ಟು ಹೋಗುವಾಗ ನಳಿಗೆ ಖಾಲಿ ಇರಬೇಕು ಅಂತ ಅಪ್ಪ ಕಲಿಸಿದ್ದು. ಪ್ರತಿ ಸಲವೂ ನೆತ್ತಿಗೆ ಅದೇ ಗುಂಡು. ಪ್ರತಿ ಸಲವೂ ಅದೇ ಮೂತಿ ಹೋಗಿ ನಳಿಗೆಯ ಬಾಯಿಯ ಇಳಿಜಾರಿಗೆ ಬಡಿಯುವುದು. ನಾಲ್ಕು ವರ್ಷ ಬಡಿಸಿಕೊಂಡು ಪಾಪ ಕುಗ್ಗಿಹೋಗಿದೆ.

“ನಿನ್ನ ಭಕ್ತಿ ಜಾಸ್ತಿಯಾಗಿ ಕೆಟ್ಟಿದ್ದು ಬಬ್ಬಾ,” ಅಂದಳು. ಈ ವಾರದಲ್ಲಿ ಮೊದಲ ಸಲ ನಕ್ಕಳು.

ವೆಂಡೆಲ್‌ಗೆ ಫೋನ್ ಮಾಡಿದೆ. ಆ ಗಿಡ್ಡದ್ದು ಹಾರಿದ್ದರೆ ಪಿಸ್ತೂಲೇ ಬಿರಿದು ಬೆರಳು ಹೋಗುತ್ತಿತ್ತಂತೆ. ಒಮ್ಮೆ ತೆಗೆದದ್ದನ್ನು ಮತ್ತೆ ನೆತ್ತಿಗೆ ಹಾಕಬೇಡ, ಪಕ್ಕಕ್ಕಿಡು ಅಂದ. ಸರಿ. ಇನ್ನು ಮೇಲೆ ತೆಗೆದದ್ದು ಶರ್ಟಿನ ಜೇಬಿಗೆ. ಹೊಸ ಗುಂಡು ತುಂಬಿ ಲವೋನ್ ಕೈಗೆ ಕೊಟ್ಟೆ.

ಮಾರ್ಚ್ 15, ಶುಕ್ರವಾರ

ರಾಯ್ಸ್‌ನನ್ನು ಬಿಟ್ಟರು. ಬೆಳಿಗ್ಗೆಯೇ. ಲವೋನ್ ಹತ್ತಿರ ಸುಳಿಯಬಾರದು ಅಂತ ಕೋರ್ಟಿನ ಆದೇಶ ಇದೆ. ಕಳೆದ ಸಲವೂ ಇತ್ತು. ಆ ಸಲವೇ ಅವನು ಅವಳ ದವಡೆ ಮುರಿದದ್ದು.

ಗುಂಡಿ ಖಾಲಿ ಮಾಡುವ ಟ್ರಕ್ಕಿನಲ್ಲಿ ಅವಳ ಬೀದಿಯಲ್ಲೇ ಸುತ್ತಿದೆ. ಆ ಬೀದಿಯಲ್ಲಿ ಯಾರೂ ನನ್ನನ್ನು ಕೆಲಸಕ್ಕೆ ಕರೆದಿರಲಿಲ್ಲ. ಒಬ್ಬ ಮುದುಕ ಹೊರಗೆ ಬಂದ. “ಯಾರ ಮನೇದಪ್ಪಾ ತುಂಬಿರೋದು?”

“ಇನ್ನೂ ತುಂಬಿಲ್ಲ ಅಜ್ಜಾ, ಕಾಯ್ತಿದೀನಿ,” ಅಂದೆ.

ಮಾರ್ಚ್ 16, ಶನಿವಾರ

ಸುದ್ದಿ ಇಲ್ಲ. ಕೂತರೆ ಎದ್ದೇಳಬೇಕು, ಎದ್ದರೆ ಕೂರಬೇಕು. ನಾಯಿ ಕೂಡ ನನ್ನ ಹಿಂದೆ ಓಡಾಡಿ ಸಾಕಾಗಿ ಮಲಗಿದೆ. ಬಿ.ಪಿ. ಅಳೆಯಲಿಲ್ಲ. ಯಾಕೆ ಸುಮ್ಮನೆ ಮೆಶೀನನ್ನು ಹೆದರಿಸುವುದು.

ಮಾರ್ಚ್ 17, ಭಾನುವಾರ, ಎರಡೂವರೆ

ಚರ್ಚಿನಲ್ಲಿ ಇವತ್ತು ಊಟ ಇತ್ತು. ಲವೋನ್ ನನ್ನ ಟ್ರಕ್ಕಿನ ಪೆಟ್ಟಿಗೆಯಲ್ಲಿ ಪಿಸ್ತೂಲಿಟ್ಟು ಬಂದಿದ್ದಳು. ನಾನೇ ನಳಿಗೆಯ ಗುಂಡು ತೆಗೆದು ಬೀಗ ಹಾಕಿದ್ದೆ. ಊಟ ಆದ ಮೇಲೆ ಅವಳಿಗೆ ಅವಸರ, ಬೀಗದ ಕೈ ಕೇಳಿದಳು. ನಾನು ತೆಂಗಿನ ಪೈ ಬಾಯಲ್ಲಿಟ್ಟುಕೊಂಡು ಪಾದ್ರಿಗೆ ಕಾಡುಹಂದಿಯ ಕಥೆ ಹೇಳುತ್ತಿದ್ದೆ. ಕಥೆ ನಿಲ್ಲಿಸದೆ ಬೀಗದ ಕೈ ಎಸೆದೆ. ಅವಳು ಪಿಸ್ತೂಲನ್ನು ಚೀಲಕ್ಕೆ ಹಾಕಿಕೊಂಡು ತನ್ನ ಕಾರಿನಲ್ಲಿ ಹೊರಟಳು. ಕಥೆಗೆ ಎಲ್ಲರೂ ನಕ್ಕರು.

ಈಗ ಮನೆಗೆ ಬಂದು ಇಷ್ಟು ಬರೆದು ಶರ್ಟು ಬಿಚ್ಚಿದೆ. ಏನೋ ಟಣ್ ಅಂತ ಬಿತ್ತು. ನಾಯಿ ಮೂಸಿ ನೋಡಿತು.

ಗುಂಡು. ಊಟಕ್ಕೆ ಮುಂಚೆ ನಾನು ತೆಗೆದದ್ದು. ಅವಳ ಪಿಸ್ತೂಲಿನ ನಳಿಗೆ ಖಾಲಿ. ಮ್ಯಾಗಜೀನಿನಲ್ಲಿ ಎಷ್ಟಿದ್ದರೇನು, ಸ್ಲೈಡು ಎಳೆಯಲು ಅವಳ ಕೈಲಾಗದು.

ಫೋನ್ ಎತ್ತುತ್ತಿಲ್ಲ.

ಅದೇ ದಿನ, ಸಂಜೆ ಆರು, ಲವೋನ್ ಮನೆ

 ಈ ಅಕ್ಷರ ನೋಡಿದರೆ ನರ್ಸ್ ಬೈತಾಳೆ.

ಅವಳು ಕಾರಿನಿಂದ ಇಳಿದಾಗ ರಾಯ್ಸ್ ಜಗಲಿಯ ಕುರ್ಚಿಯಲ್ಲಿ ಕೂತಿದ್ದನಂತೆ. “ನನ್ ಮನೆಗೆ ನಾನು ಬಂದ್ರೆ ತಪ್ಪಾ?” ಅಂದನಂತೆ. ಎದ್ದು ಮೆಟ್ಟಿಲಿಳಿದ. ಅವಳು ಚೀಲದಿಂದ ಪಿಸ್ತೂಲು ತೆಗೆದು ಎರಡೂ ಕೈಯಲ್ಲಿ ಹಿಡಿದಳು. ಅವನು ನಿಂತ. ಅವಳ ಕೈ ನೋಡಿದ, ಮುಖ ನೋಡಿದ. ಬೈಯುತ್ತ ಹಿಂದೆ ಹಿಂದೆ ಹೋಗಿ ಬೇಲಿ ದಾಟಿದ. ಪಕ್ಕದ ಮನೆಯವರು ಶೆರಿಫ್‌ಗೆ ಫೋನ್ ಮಾಡಿದರು. ಹುಡುಕುತ್ತಿದ್ದಾರೆ. ಇನ್ನೂ ಸಿಕ್ಕಿಲ್ಲ.

ನಾನು ಬಂದಾಗಲೂ ಅವಳು ಅಂಗಳದಲ್ಲೇ ಇದ್ದಳು. ಪಿಸ್ತೂಲನ್ನು ಬೇಲಿಯ ಕಡೆ ಹಿಡಿದೇ ಇದ್ದಳು.

“ಹುಷಾರು ಬಬ್ಬಾ, ಲೋಡ್ ಆಗಿದೆ,” ಅಂದು ನನ್ನ ಕೈಗೆ ಕೊಟ್ಟಳು. ಆ ಮಾತು ಎದೆಯಲ್ಲಿ ಎಲ್ಲೋ ಹೋಗಿ ಸಿಕ್ಕಿಕೊಂಡಿದೆ, ಅರ್ಧಕ್ಕೆ. ಮೇಲೂ ಇಲ್ಲ ಕೆಳಗೂ ಇಲ್ಲ.

ಬಚ್ಚಲಿಗೆ ಹೋಗಿ ನೀರು ಬಿಟ್ಟು, ಆ ಸದ್ದಿನಲ್ಲಿ ಸ್ಲೈಡು ಎಳೆದೆ. ಗುಂಡು ಸಲೀಸಾಗಿ ನಳಿಗೆಗೆ ಹೋಯಿತು. ತಂದು ಅವಳ ಏಪ್ರನ್ ಪಕ್ಕ ಇಟ್ಟೆ.

ಈಗ ಅಡುಗೆಮನೆಯಲ್ಲಿ ಮೊಟ್ಟೆ ಕರಿಯುತ್ತ ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದಾಳೆ. ಕೇಳಿಸುತ್ತಿದೆ. “ಇಲ್ಲಮ್ಮಾ, ಒಂಚೂರೂ ಹೆದರಿಕೆ ಆಗ್ಲಿಲ್ಲ. ಬಬ್ಬಾ ಲೋಡ್ ಮಾಡಿ ಕೊಟ್ಟಿದಾನಲ್ಲ. ಅದು ಕೈ ಕೊಡಲ್ಲ ಅಂತ ಗೊತ್ತಿತ್ತು.”

ಸುಮ್ಮನಿದ್ದುಬಿಡಬಹುದು. ಅವಳ ಧೈರ್ಯ ಹಾಗೇ ಉಳಿಯುತ್ತದೆ. ಮುಂದಿನ ಸಲವೂ ಅದೇ ಧೈರ್ಯದಲ್ಲಿ ಹಿಡಿದು ನಿಲ್ಲುತ್ತಾಳೆ, ನಾನು ಯಾವುದೋ ಪೈ ತಿನ್ನುತ್ತಿರುವಾಗ. ವೆಂಡೆಲ್ ಹೇಳಿದ್ದು ಮಾರಾಟದ ಮಾತಾಗಿರಲಿಲ್ಲ. ಅವಳ ಕೈಯೇ ಎಳೆಯುವಂಥದ್ದು ಬೇಕು. ಏಪ್ರನ್ ಮೊಣಕಾಲಿಗೆ ಇಳಿದರೆ ಇಳಿಯಲಿ.

“ಬಬ್ಬಾ, ಯಾಕೆ ಇಷ್ಟೊತ್ತು ಸುಮ್ನಿದೀಯ? ಒಂದು ಜೋಕಾದ್ರೂ ಹೇಳು,” ಅಂದಳು ಅಲ್ಲಿಂದಲೇ.

 

ಮಧ್ಯಾಹ್ನ ಶರ್ಟಿನಿಂದ ಬಿದ್ದ ಗುಂಡನ್ನು ಜೇಬಿನಿಂದ ತೆಗೆದು ಮೇಜಿನ ಮೇಲೆ ಅವಳ ತಟ್ಟೆಯ ಪಕ್ಕ ನಿಲ್ಲಿಸಿದ್ದೇನೆ, ಲಿಪ್‌ಸ್ಟಿಕ್ ಹಾಗೆ. ಗಿಡ್ಡದ್ದನ್ನು ಕಂಡುಹಿಡಿದವಳು. ಇದನ್ನು ನೋಡಿದರೆ ಸಾಕು, ನಳಿಗೆ ಖಾಲಿ ಇತ್ತು ಅಂತ ತಿಳಿಯುತ್ತಾಳೆ. ಒಲೆ ಆರಿಸಿದಳು. ಬರುತ್ತಿದ್ದಾಳೆ, ಕೈಯಲ್ಲಿ ಬಾಣಲೆ. ಮೇಜು ನೋಡಿ ನಿಂತಳು. ಪೆನ್ನು ಕೆಳಗಿಡುತ್ತೇನೆ, ಎಲ್ಲ ಹೇಳಬೇಕು.