ಯಾರೂ ಒತ್ತಿ ನೋಡದ ಕಾಲು

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ನನ್ನ ಮಗಳ ಎಡಗಾಲನ್ನು ನಿಮ್ಮ ಆಸ್ಪತ್ರೆಯಲ್ಲಿ ಒಬ್ಬ ವೈದ್ಯರೂ ಮುಟ್ಟಿ ನೋಡಲಿಲ್ಲ. ನನ್ನ ದೂರು ಅಷ್ಟೇ ಇತ್ತು. ತಮ್ಮ ಉತ್ತರ ಬಂತು: ‘ಎಕ್ಸ್‌ರೇ ನಿಯಮಾನುಸಾರ ತೆಗೆಯಲಾಗಿದ್ದು, ಮೂಳೆ ಮುರಿತ ಕಂಡುಬಂದಿರುವುದಿಲ್ಲ. ಆದ್ದರಿಂದ ಲೋಪವಿರುವುದಿಲ್ಲ.’ ನಾನು ಚಿತ್ರದ ವಿಚಾರ ಕೇಳಿರಲಿಲ್ಲ ಸ್ವಾಮಿ, ಕಾಲಿನ ವಿಚಾರ ಕೇಳಿದ್ದೆ. ಅದಕ್ಕೇ ಈಗ ಊರಿಗೆಲ್ಲ ಕೇಳಿಸುವಂತೆ ಬರೆಯುತ್ತಿದ್ದೇನೆ.

ಒಂಬತ್ತು ವರ್ಷದ ಹುಡುಗಿ ಶಾಲೆಯ ಮೆಟ್ಟಿಲಿನಿಂದ ಜಿಗಿದು ಬಿದ್ದಳು. ಎಡಪಾದದ ಹರಡಿನ ಒಳಮಗ್ಗುಲು ಬಾತುಕೊಂಡಿತ್ತು. ಎತ್ತಿಕೊಂಡು ಓಡಿ ಬಂದೆ. ನಿಮ್ಮಲ್ಲಿ ಮೊದಲು ಎಕ್ಸ್‌ರೇ, ಆಮೇಲೆ ಡಾಕ್ಟರ್. ಬಾಗಿಲಲ್ಲೇ ಚೀಟಿ ಬರೆದು ಎಕ್ಸ್‌ರೇ ಕೋಣೆಗೆ ಅಟ್ಟುತ್ತಾರೆ. ಜನ ಬೇಗ ಕರಗಲಿ ಎಂದು ತಾವೇ ತಂದ ಪದ್ಧತಿಯಂತೆ. ಕರಗಿತು, ಒಪ್ಪುತ್ತೇನೆ. ನಾವು ಒಳಗೆ ಹೋಗುವ ಮೊದಲೇ ಚಿತ್ರ ಡಾಕ್ಟರರ ಪರದೆಗೆ ಬಂದು ಕೂತಿತ್ತು. ಅವರು ಅದನ್ನೇ ನೋಡುತ್ತಾ, “ಏನೂ ಆಗಿಲ್ಲಮ್ಮ, ಉಳುಕಿದೆ ಅಷ್ಟೆ. ನಡೆಸಿ, ಸರಿಹೋಗುತ್ತೆ” ಅಂದರು.

“ಅಂಕಲ್, ನೋವು ಇಲ್ಲಿ,” ಎಂದು ಮಗಳು ಬೆರಳಿಟ್ಟು ತೋರಿಸಿದಳು.

“ಮೂಳೆ ಚೆನ್ನಾಗಿದೆ ಪುಟ್ಟಿ. ಧೈರ್ಯವಾಗಿ ನಡಿ.” ಅವರ ಕತ್ತು ಈ ಕಡೆ ತಿರುಗಲೇ ಇಲ್ಲ.

ನಡೆಸಿದೆವು. ನಮ್ಮತ್ತೆ, “ಶಾಲೆ ತಪ್ಪಿಸೋಕೆ ನಾಟಕ ಆಡ್ತಾಳೆ ಕಳ್ಳಿ” ಎಂದು ನಗುತ್ತಲೇ ಮೊಮ್ಮಗಳ ಕೈಹಿಡಿದು ನಡೆಸಿದರು. ಮಗು ಹಲ್ಲು ಕಚ್ಚಿಕೊಂಡು ನಡೆಯಿತು. ದೊಡ್ಡಾಸ್ಪತ್ರೆಯೇ ಏನೂ ಆಗಿಲ್ಲ ಎಂದ ಮೇಲೆ ನೋವು ಎನ್ನಲು ಅವಳಿಗೇ ನಾಚಿಕೆ. ಈಗ ಅತ್ತೆ ತಮ್ಮ ಮಾತು ನೆನೆದು ಅಳುತ್ತಾರೆ. ಆ ಅಳುವಿಗೆ ನಿಮ್ಮಲ್ಲಿ ಯಾವ ವಿಭಾಗವಿದೆ?

ವರ್ಷ ಕಳೆಯುವಷ್ಟರಲ್ಲಿ ಪಾದ ಒಳಕ್ಕೆ ವಾಲಿತು, ಆ ಕಾಲು ತುಸು ಗಿಡ್ಡವೂ ಆಯಿತು. ಬೇರೆ ಊರಿನ ಮೂಳೆ ಡಾಕ್ಟರಮ್ಮ ಹೊಸ ಎಕ್ಸ್‌ರೇ ತೆಗೆಸಿ ವಿವರಿಸಿದರು. ಮಕ್ಕಳ ಮೂಳೆಯ ತುದಿಯಲ್ಲಿ ಬೆಳೆಯುವ ಮೆತ್ತನೆಯ ಪದರವಿರುತ್ತದೆ. ಚಿತ್ರದಲ್ಲಿ ಅದು ಬರೀ ಖಾಲಿ ಗೆರೆ. ಅಲ್ಲಿ ಪೆಟ್ಟಾದರೆ ಮೊದಲ ದಿನದ ಎಕ್ಸ್‌ರೇ ಎಷ್ಟೋ ಸಲ ಏನನ್ನೂ ಹೇಳುವುದಿಲ್ಲ. ಒತ್ತಿದ ಜಾಗದಲ್ಲಿ ಮಗು ಚೀರಿದರೆ ಅದನ್ನೇ ನಂಬಬೇಕು. ನನ್ನ ಮಗಳ ಮೂಳೆ ಒಳಮಗ್ಗುಲಲ್ಲಿ ಬೆಳೆಯುವುದನ್ನೇ ನಿಲ್ಲಿಸಿದೆ, ಹೊರಮಗ್ಗುಲಲ್ಲಿ ಬೆಳೆಯುತ್ತಲೇ ಇದೆ.

“ಅವತ್ತು ಯಾರಾದ್ರೂ ಒತ್ತಿ ನೋಡಿದ್ರಾ?” ಎಂದು ಕೇಳಿದರು.

“ಇಲ್ಲ ಮೇಡಂ.”

“ಪಟ್ಟಿ ಹಾಕಿ, ಕಾಲೂರದ ಹಾಗೆ ನೋಡ್ಕೊಂಡಿದ್ರೆ ಇಷ್ಟಾಗ್ತಿರಲಿಲ್ಲವೇನೋ. ಈಗ ಆಪರೇಷನ್ ಮಾಡಬಹುದು. ಪೂರ್ತಿ ಸರಿಹೋಗುತ್ತೆ ಅಂತ ಮಾತು ಕೊಡಲಾರೆ.”

ಮಾನ್ಯರೇ, ನಿಮ್ಮ ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಅದು ಕಂಡಷ್ಟು ಹೇಳಿತು. ಎದುರಿಗೆ ಕೂತ ಮಗು ಬೆರಳಿಟ್ಟು ತೋರಿಸುತ್ತಿರುವಾಗ ಅದರ ನೆರಳನ್ನು ನಂಬಿದವರ ಮೇಲೆ ಸಿಟ್ಟಿದೆ. ಆ ಡಾಕ್ಟರರಿಗೆ ಮಗುವಿನ ಕಡೆ ತಿರುಗುವಷ್ಟೂ ಪುರುಸೊತ್ತು ಬಿಡದ ನಿಮ್ಮ ಪದ್ಧತಿಯ ಮೇಲೆ ಇನ್ನೂ ಹೆಚ್ಚು.

ಆ ಪದ್ಧತಿ ನಾಳೆಯೇ ತಿರುವುಮುರುವಾಗಲಿ. ಮೊದಲು ಮಗುವಿನ ಕಾಲು, ಆಮೇಲೆ ಚಿತ್ರ. ಬೆಳೆಯುವ ಮೂಳೆಯ ಮೇಲೆ ನೋವಿದ್ದರೆ, ಚಿತ್ರ ಏನೇ ಹೇಳಲಿ, ಪಟ್ಟಿ ಹಾಕಿ ಕಳಿಸಿ, ಮತ್ತೆ ಕರೆಸಿ ನೋಡಿ. ಇದಕ್ಕೆ ಬೇಕಾಗಿರುವುದು ಒಂದು ಹೆಬ್ಬೆರಳು.

ನಾನು ಶಾಲಾ ಸಮವಸ್ತ್ರ ಹೊಲಿಯುವವಳು. ಮೊನ್ನೆ ಮಗಳ ಪ್ಯಾಂಟಿಗೆ ಅಳತೆ ತೆಗೆಯುತ್ತಿದ್ದೆ. ಎಡಗಾಲಿಗೆ ಬಂದಾಗ ಟೇಪು ಹಿಡಿದುಕೊಂಡಳು. “ಅಮ್ಮಾ, ಎರಡೂ ಒಂದೇ ಉದ್ದ ಹೊಲಿ. ಆಗ ಯಾರಿಗೂ ಗೊತ್ತಾಗಲ್ಲ.”

ಹಾಗೇ ಹೊಲಿದುಕೊಟ್ಟೆ. ಎಡಗಾಲಿನ ಅಂಚು ನೆಲಕ್ಕೆ ಉಜ್ಜಿ ಆಗಲೇ ಹರಿಯುತ್ತಿದೆ.

ಇಂತಿ,
ತಮ್ಮ ಕಡತದಲ್ಲಿ ‘ಲೋಪವಿರುವುದಿಲ್ಲ’ ಎಂದು ಮುಗಿದುಹೋದ ಹುಡುಗಿಯ ತಾಯಿ