ಮೂರು ನೆಗೆಟಿವ್

ಬಾರಾನಗರ
ಮಂಗಳವಾರ

ಅಪ್ಪಾ,

ಫೋನಿನಲ್ಲಾದರೆ ಕಿರುಚಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮನ ಎದೆಯ ಗಂಟಿನ ರಿಪೋರ್ಟ್ ಮೊನ್ನೆ ನಿಮ್ಮ ಕಪಾಟಿನಲ್ಲಿ ಸಿಕ್ಕಿತು. ಕೊನೆಯ ಪುಟದಲ್ಲಿ ಮೂರು ಸಲ 'ನೆಗೆಟಿವ್' ನೋಡಿ, ಡಾಕ್ಟರಿಗೂ ತೋರಿಸದೆ, ಏನೂ ಇಲ್ಲವೆಂದು ಇಡೀ ಕೇರಿಯ ಮನೆಗಳಿಗೆ ಸಂದೇಶ್ ಮಿಠಾಯಿ ಹಂಚಿದಿರಿ. ಕ್ಯಾನ್ಸರ್ ಅಂತ ಮೊದಲ ಪುಟದಲ್ಲೇ ಇದೆ. ಮೂರು ನೆಗೆಟಿವ್ ಅಂದರೆ ಆ ಗಂಟಿನಲ್ಲಿ ಎರಡು ಹಾರ್ಮೋನ್ ರಿಸೆಪ್ಟರ್‌ಗಳೂ ಇಲ್ಲ, HER2 ಅನ್ನೋ ಪ್ರೋಟೀನೂ ಹೆಚ್ಚಿಲ್ಲ, ಹಾರ್ಮೋನ್ ಮಾತ್ರೆ ನಾಟುವುದಿಲ್ಲ ಅಂತ. ಆರು ವರ್ಷದಿಂದ ಲ್ಯಾಬಿನ ಇಲಿಗಳಲ್ಲಿ ಅದೇ ರಿಸೆಪ್ಟರ್ ಹುಡುಕುತ್ತಿರುವ ಮಗಳಿಗೆ ನಾಲ್ಕು ತಿಂಗಳು ತೋರಿಸಲಿಲ್ಲ. 'ಮದುವೆಯಾಗದ ಹುಡುಗಿಗೆ ಇದೆಲ್ಲ ಯಾಕೆ' ಅಂತ ಅಮ್ಮನಿಗೆ ಅಂದಿರಂತೆ.

ಗುರುವಾರ ಒಂಬತ್ತಕ್ಕೆ ಅಮ್ಮನಿಗೆ ಡಾಕ್ಟರ ಅಪಾಯಿಂಟ್‌ಮೆಂಟ್ ಇದೆ. ಎರಡೂ ಪುಟ ತನ್ನಿ.

ಸಂದೇಶ್ ಹಂಚಿದ ಮನೆಗಳಿಗೆಲ್ಲ ಈ ಸಂದೇಶವನ್ನೂ ನೀವೇ ಮುಟ್ಟಿಸಿ. ಅಮ್ಮನಿಂದ ಶುರುಮಾಡಿ.

ನಿಮ್ಮ ಮಗಳು,
ಶರ್ವಾಣಿ